ನಾನೇ ಕಟ್ಟಿದ ರಂಜಕದ ಶಾಸ್ತ್ರ

ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಬಹಳ ದೊಡ್ಡ ಹುದ್ದೆಯಲ್ಲಿದ್ದೆ. ನಮ್ಮವ್ವನ ವರಪರೀಕ್ಷಾ ಸಮಿತಿಗೆ ನಾನೇ ಅಧ್ಯಕ್ಷೆ, ನಾನೇ ಕಾರ್ಯದರ್ಶಿ, ನಾನೇ ಏಕೈಕ ಸದಸ್ಯೆ. ಇಂಥದ್ದೊಂದು ಸಮಿತಿ ಇದೆಯೆಂದು ಅವ್ವನಿಗೆ ಗೊತ್ತಿರಲಿಲ್ಲ, ಅಷ್ಟೇ!

ನಾನು ಮೂರು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಅವ್ವ ನನ್ನನ್ನು ಎತ್ತಿಕೊಂಡು ಬಾಗಲಕೋಟೆ ಕಡೆಯಿಂದ ಬಂದು, ಆರ್.ಟಿ. ನಗರದಲ್ಲಿ ಮನೆ ಹಿಡಿದು, ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಹತ್ತು ವರ್ಷ ಇಬ್ಬರೇ ಸುಖವಾಗಿದ್ದೆವು. ಆಮೇಲೆ ಇದ್ದಕ್ಕಿದ್ದಂತೆ ಸೋದರಮಾವನಿಗೆ ತಂಗಿಯ ಚಿಂತೆ ಹತ್ತಿತು. ಅವರು ಕಳಿಸಿದ ಮೊದಲ ವರ, ಕೆಲಸ ಬಿಡು ಅಂದ. ಅವ್ವ ಅವನನ್ನೇ ಬಿಟ್ಟಳು. ಎರಡನೆಯವನು ಚಹಾ ಹೀರುತ್ತಾ, "ಹುಡುಗಿನ್ನ ಹಾಸ್ಟೆಲಿಗೆ ಹಾಕಿದ್ರಾತಲ್ರೀ" ಅಂದ. ಅವ್ವ ಅವನ ಕೈಯಿಂದ ಅರ್ಧ ಕುಡಿದ ಕಪ್ಪು ಇಸಕೊಂಡು ಬಾಗಿಲು ತೋರಿಸಿದಳು. ಅವನು ಹೋದ, ಆ ಮಾತು ಮಾತ್ರ ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಮೂರನೆಯವರು ಯಲಹಂಕದ ಮುನಿರಾಜು. ತಲೆಮಾರುಗಳಿಂದ ಅಲ್ಲಿಯವರೇ, ಎಲೆಕ್ಟ್ರಿಕಲ್ ಅಂಗಡಿ ಇತ್ತು. ಹೆಂಡತಿ ತೀರಿಹೋಗಿದ್ದರು. ಅವ್ವನ ಕಾಲೇಜಿಗೆ ಫ್ಯಾನು ಹಾಕಲು ಬಂದವರು, ಫ್ಯಾನು ತಿರುಗಿದ ಮೇಲೂ ಬರುತ್ತಲೇ ಇದ್ದರು! ಎಷ್ಟು ಹುಡುಕಿದರೂ ಅವರಲ್ಲಿ ಒಂದು ತಪ್ಪು ಸಿಗಲಿಲ್ಲ. ತಪ್ಪಿಲ್ಲದವರನ್ನು ಓಡಿಸುವುದು ಹೇಗೆ? ಆಗ ಹೊಳೆಯಿತು, ಸಂಸ್ಕೃತಿ! ನಾವು ಜೋಳದ ರೊಟ್ಟಿಯವರು, ಅವರು ರಾಗಿ ಮುದ್ದೆಯವರು.

"ನಮ್ಮ ಮನೆತನದ ಮಾನ ಈಗ ನನ್ನ ಕೈಲಿದೆ" ಎಂದು ಕೆಳಗಿನ ಮನೆಯ ಜುಬೇದಾ ಆಂಟಿಗೆ ಹೇಳಿದೆ.

"ನಿನ್ ಕೈಲಿ ಒಂದು ರೊಟ್ಟಿ ತಟ್ಟಕ್ ಬರಲ್ಲ, ಮಾನ ಹೆಂಗ್ ಹಿಡ್ಕೊಂತೀಯಾ?" ಅಂದರು ಆಂಟಿ.

ಒಂದು ಭಾನುವಾರ ಮುನಿರಾಜು ಊಟಕ್ಕೆ ಬಂದರು. ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ನಾನು ಅವರ ತಟ್ಟೆಗೆ ಒಂದು ರೊಟ್ಟಿ ಹಾಕಿ, ಪಕ್ಕದಲ್ಲಿ ರಂಜಕ ಸುರಿದೆ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಮಾಡಿದ ಕೆಂಪು ಚಟ್ನಿ ಅದು. ಊರಲ್ಲಿ ಉಗುರಿನಷ್ಟು ಬಡಿಸುತ್ತಾರೆ. ನಾನು ನಿಂಬೆಹಣ್ಣಿನಷ್ಟು ಬಡಿಸಿದೆ.

"ನಮ್ ಕಡೆ ಶಾಸ್ತ್ರ ಅಂಕಲ್. ಸಂಬಂಧ ಬೆಳೆಸೋಕೆ ಬಂದೋರು ಮೊದಲನೇ ರೊಟ್ಟಿನ ಇದರ ಜೊತೇಲೇ ತಿನ್ಬೇಕು. ಮುಗಿಯೋವರೆಗೂ ನೀರು ಮುಟ್ಟಂಗಿಲ್ಲ."

"ಸಾಸ್ತ್ರ ಅಂದ್ಮೇಲೆ ಮಾಡ್ಲೇಬೇಕು ಬುಡಮ್ಮ. ಯಾವ್ ಕಡೆ ಮುಖ ಮಾಡಿ ಕೂರ್ಬೇಕು?"

ಇದನ್ನು ನಾನು ಯೋಚಿಸಿರಲಿಲ್ಲ. "ಪೂರ್ವಕ್ಕೆ" ಅಂದೆ. ಭಕ್ತಿಯಿಂದ ಎದ್ದು ತಿರುಗಿ ಕೂತರು. ಕೂತವರು, "ನಮ್ ಕಡೇನೂ ಒಂದ್ ಪದ್ಧತಿ ಐತೆ ಕಣಮ್ಮ. ಬೀಗರನ್ನ ಒಬ್ಬರೇ ಉಣ್ಣಕ್ ಬುಡಲ್ಲ. ಎಣ್ಣಿನ್ ಕಡೆ ದೊಡ್ಡೋರು ಜೊತೇಲಿ ಕೂರ್ಬೇಕು" ಅಂದರು.

ಹೆಣ್ಣಿನ ಕಡೆ ದೊಡ್ಡವರು ಅಂದರೆ ಆ ಹೊತ್ತಿಗೆ ನಾನೇ! ನಿಜ ಹೇಳುತ್ತೇನೆ, ಹುಟ್ಟಿದಾಗಿನಿಂದ ನಾನು ರೊಟ್ಟಿ ತಿಂದದ್ದು ತುಪ್ಪ ಸಕ್ಕರೆ ಹಚ್ಚಿಕೊಂಡು. ಹಾಗಂತ ಹಿಂದೆ ಸರಿಯುವುದೇ? ಸಾಧ್ಯವೇ ಇಲ್ಲ. ಕೂತೆ.

ಮೊದಲ ತುತ್ತಿಗೆ ಕಿವಿ ಗುಂಯ್ ಎಂದಿತು. ಎರಡನೆಯದಕ್ಕೆ ಮೂಗು ಹರಿಯಿತು. ಮೂರನೆಯದಕ್ಕೆ ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡೆ! ನಾನು ಕುಣಿಯುತ್ತಿದ್ದರೆ, ಮುನಿರಾಜು ಬೆವರು ಸುರಿಸುತ್ತಾ ಪೂರ್ವಕ್ಕೇ ಮುಖ ಮಾಡಿ ಅಗಿಯುತ್ತಿದ್ದರು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನ್ ನಡಸೀರಿ ಇಬ್ರೂ?"

"ಸಾಸ್ತ್ರ ಕಣ್ರೀ" ಅಂದರು ಮುನಿರಾಜು.

"ಯಾವ ಶಾಸ್ತ್ರ? ನಾ ಹುಟ್ಟಿದಾಗಿಂದ ಕೇಳೇ ಇಲ್ಲ! ಏಯ್, ನೀರ್ ಕುಡಿ ಮೊದ್ಲ!"

"ಕುಡಿಯಂಗಿಲ್ಲ!" ಎಂದು ಕಿರುಚಿದೆ. "ನೀವೆಲ್ಲಾ ಸೇರಿ ನನ್ನ ಹಾಸ್ಟೆಲಿಗೆ ಹಾಕ್ತೀರಿ! ಇದು ನನ್ನ ಮನಿ! ನಾ ಎಲ್ಲಿಗೂ ಹೋಗಂಗಿಲ್ಲ!"

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಮುನಿರಾಜು ಕೆಳಗೆ ಓಡಿ ಜುಬೇದಾ ಆಂಟಿಯ ಮನೆಯಿಂದ ಒಂದು ಬಟ್ಟಲು ಮೊಸರು ತಂದರು. ಅವರ ಬಾಯಿಯೂ ಉರಿಯುತ್ತಿತ್ತು, ಆದರೂ ಮೊದಲು ನನಗೇ ಕೊಟ್ಟರು.

"ಆಸ್ಟ್ಲಾ? ಮಗೂನ ಬುಟ್ಟು ತಾಯಿನ ಕರ್ಕೊಂಡೋಗಕ್ಕೆ ನಂಗೇನ್ ಬುದ್ಧಿ ಇಲ್ವಾ? ನೀನ್ ಒಪ್ಪೋಗಂಟ ನಾನು ಈ ಮನೆ ಮೆಟ್ಲತ್ತಲ್ಲ."

ನಾನು ಬಿಡುವವಳೇ! ಎಂಟು ತಿಂಗಳು ಕಾಯಿಸಿದೆ. ಪ್ರತಿ ಭಾನುವಾರ ಗೇಟಿನ ಹತ್ತಿರ ನಿಂತು "ಒಪ್ಗೆ ಆಯ್ತಾ?" ಎಂದು ಕೇಳುತ್ತಿದ್ದರು. "ಪರಿಶೀಲನೆಯಲ್ಲಿದೆ" ಅನ್ನುತ್ತಿದ್ದೆ. ಕೊನೆಗೆ ಷರತ್ತು ಹಾಕಿದೆ. ಅವ್ವ ಕೆಲಸ ಬಿಡುವುದಿಲ್ಲ. ವಾರಕ್ಕೆ ನಾಲ್ಕು ದಿನ ರೊಟ್ಟಿ. ನಾನು ಅವರನ್ನು ಅಪ್ಪ ಎನ್ನುವುದಿಲ್ಲ. ಮೂರಕ್ಕೂ ಅಲ್ಲೇ ನಿಂತು ಒಪ್ಪಿದರು.

ಮದುವೆಯ ಊಟ ಯಲಹಂಕದ ಅವರ ಮನೆಯಲ್ಲಿ. ಒಳಗೆ ಕಾಲಿಟ್ಟು ನೋಡಿದರೆ, ಅವರ ನೆಂಟರೆಲ್ಲ ಸಾಲಾಗಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ! ಎಲ್ಲರ ಎಲೆಯಲ್ಲೂ ಒಂದೊಂದು ರೊಟ್ಟಿ, ಪಕ್ಕದಲ್ಲಿ ಕೆಂಪಗೆ ರಂಜಕ. ಮುನಿರಾಜು ಅವರ ತಾಯಿ ನನ್ನ ಕೈ ಹಿಡಿದು ಕೂರಿಸಿದರು.

"ಬಾರವ್ವ, ನಿಮ್ ಕಡೆ ಸಾಸ್ತ್ರ. ನೀನೇ ಸುರು ಮಾಡ್ಬೇಕಂತೆ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಒಂದು ನಿಜ ಹೇಳಿದ್ದರೆ ಎಲ್ಲರೂ ಬಚಾವಾಗುತ್ತಿದ್ದರು. ಹೇಳಲಿಲ್ಲ. ಮನೆತನದ ಮಾನದ ಪ್ರಶ್ನೆ! ತಲೆಯೆತ್ತಿ ತಿಂದೆ. ಎರಡನೇ ತುತ್ತಿಗೆ ಕಣ್ಣಲ್ಲಿ ಧಾರಾಕಾರ ನೀರು.

"ಎಣ್ಣು ಕೊಡೋರ್ಗೆ ಅಳು ಬರ್ದೆ ಇರ್ತದಾ?" ಎಂದು ಅಜ್ಜಿ ನನ್ನ ಕಣ್ಣೊರೆಸಿದರು. "ಖಾರಕ್ಕೆ ಅಜ್ಜಿ, ಖಾರಕ್ಕೆ" ಅಂದೆ. ಯಾರೂ ನಂಬಲಿಲ್ಲ. ಅವ್ವನ ಕಡೆ ನೋಡಿದ ಮೇಲೆ ನನಗೂ ನಂಬಿಕೆ ಬರಲಿಲ್ಲ. ಕೈಗೆ ಸಿಕ್ಕ ಚೊಂಬೆತ್ತಿ ಗಟಗಟ ನೀರು ಕುಡಿದುಬಿಟ್ಟೆ.

ಸಾಲಿನಲ್ಲಿದ್ದವರೆಲ್ಲ ತಿನ್ನುವುದು ನಿಲ್ಲಿಸಿದರು. ಅಜ್ಜಿ ಮೆಲ್ಲಗೆ ಚೊಂಬು ಕಿತ್ತುಕೊಂಡು, ನನ್ನ ತಲೆ ಸವರಿ ಅಂದರು:

"ಮುಗ್ಯೋಗಂಟ ನೀರ್ ಮುಟ್ಬಾರ್ದು ಕಣವ್ವ. ನಿಮ್ ಸಾಸ್ತ್ರ ನಿಂಗೇ ಗೊತ್ತಿಲ್ವಲ್ಲ! ಓಗ್ಲಿ ಬುಡು, ನಾನ್ ಕಲಿಸ್ಕೊಡ್ತೀನಿ."