ಮಾಮಾನ ರಕ್ತಾಭ್ಯಾಸ

ನಮ್ಮ ಸೋದರಮಾವನನ್ನು ಹೆದರಿಸುವಂಥ ರಕ್ತಪಿಶಾಚಿ ಇನ್ನೂ ಹುಟ್ಟಿಲ್ಲ. ಅವರ ದುಃಖವೇ ಅದು! ಹೆದರಲಿಕ್ಕೆ ಟಿಕೆಟ್ ತೆಗೆಸಿ, ಹೆದರಿಕೆ ಬರಲಿಲ್ಲವೆಂದು ಮುಖ ಊದಿಸಿಕೊಂಡು ಬರುವವರನ್ನು ನೀವು ಕಂಡಿದ್ದೀರಾ?

ಕಾರಣವಿದೆ. ಹೀರೇಕಾಯಿ ಹೆಚ್ಚುವಾಗ ಮಾಮಿಯ ಬೆರಳಿನಿಂದ ಒಂದು ಹನಿ ರಕ್ತ ಬಂದರೆ ಸಾಕು, ಮಾಮಾ ನೆಲಕ್ಕೆ. ಮಾಮಿ ತನ್ನ ಬೆರಳಿಗೆ ಅರಿಶಿನ ಹಚ್ಚುವುದು ಬಿಟ್ಟು ಅವರ ಮುಖಕ್ಕೆ ನೀರು ಚಿಮುಕಿಸಬೇಕು. ಈಗ ಮಾಮಿಯ ಮೂತ್ರಪಿಂಡಗಳು ಕೈಕೊಟ್ಟಿವೆ. ಮುಂದಿನ ತಿಂಗಳಿಂದ ಡಯಾಲಿಸಿಸ್. ಪಕ್ಕದಲ್ಲಿ ಕೂಡುವವನು ತಾನೇ ಎಂದು ಮಾಮಾ ಹಟ ಹಿಡಿದರು. ಅಷ್ಟರೊಳಗೆ ರಕ್ತ ನೋಡಿ ರೂಢಿ ಮಾಡಿಕೊಳ್ಳಬೇಕಲ್ಲ? ನನ್ನನ್ನು ಪುಣೆಯ ವಾಕಡದ ಮಾಲ್‌ಗೆ, ರಕ್ತಪಿಶಾಚಿ ಸಿನಿಮಾದ ಮ್ಯಾಟಿನಿಗೆ ಎಳೆದುಕೊಂಡು ಹೋದರು.

ಅದೇ ಪಾಳು ಬಂಗ್ಲೆ, ಅದೇ ಬಾವಲಿ, ಅದೇ ಕರಿ ಕೋಟಿನ ಪಿಶಾಚಿ, ಅದೇ ಒಂಟಿ ನಾಯಕಿ!

"ಈಗ ಕನ್ನಡ್ಯಾಗ ಅವನ ಮಾರಿ ಕಾಣಂಗಿಲ್ಲ ನೋಡು," ಎಂದರು ಮಾಮಾ. ಕಾಣಲಿಲ್ಲ. "ಈಗ ಆಕಿ ಒಬ್ಬಾಕಿನ ತಳಮನಿಗೆ ಇಳೀತಾಳ." ಇಳಿದಳು.

ಮುಂದಿನ ಸಾಲಿನ ಹುಡುಗಿ ತಿರುಗಿ, ಕಥೆ ಹೇಳಬೇಡಿ ಕಾಕಾ ಎಂದು ಮರಾಠಿಯಲ್ಲಿ ಬೇಡಿಕೊಂಡಳು. ಹೇಳಲಿಕ್ಕೆ ಕಥೆ ಎಲ್ಲಿದೆ ಎಂದು ಮಾಮಾ ಅಪ್ಪಟ ಪುಣೆ ಮರಾಠಿಯಲ್ಲೇ ಕೇಳಿದರು. ಕೊನೆಗೆ ರಕ್ತ ಧಾರಾಕಾರ ಹರಿಯಿತು. ನಾನು ನೀರಿನ ಬಾಟಲಿ ಹಿಡಿದು ಸಜ್ಜಾದೆ.

"ಇದು ರಕ್ತ ಅಲ್ಲೋ, ಕೋಕಂ ಶರಬತ್ತು. ಸಕ್ರೀನೂ ಭಾಳ ಆಗೇದ."

ಬೆಳ್ಳುಳ್ಳಿ ತೋರಿಸಿ ಪಿಶಾಚಿಯನ್ನು ಓಡಿಸಿದಾಗ ಮಾತ್ರ ಮಾಮಾ ನೆಟ್ಟಗೆ ಕುಳಿತರು. ನಮ್ಮದು ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆತನ!

"ಅಂದ್ರ ನಮ್ಮನಿಗೆ ಅಂವ ಆರಾಮ ಬರಬಹುದು ಅಂದಂಗಾತು."

"ಕರದ್ರ ಅಷ್ಟ ಒಳಗ ಬರ್ತಾನ, ಮಾಮಾ."

"ಮುಗೀತು. ನಿಮ್ಮ ಮಾಮಿ ಬಾಗಿಲಿಗೆ ಯಾರು ಬಂದ್ರೂ ‘ಬರ್ರಿ, ಊಟಕ್ಕ ಏಳ್ರಿ’ ಅಂತಾಳ."

ಹೀಗೆ ಮೂರು ಸಿನಿಮಾ ಆದವು. ಮೂರನೆಯದರಲ್ಲಿ ಮಾಮಾ ಗೊರಕೆ ಹೊಡೆದರು. ಅಭ್ಯಾಸ ಸೊನ್ನೆ, ತಿಂಗಳು ಮುಗಿದೇಬಿಟ್ಟಿತು.

ಆಸ್ಪತ್ರೆಯಲ್ಲಿ ಮಾಮಿಯ ರಕ್ತ ಯಂತ್ರದ ನಳಿಕೆಯಲ್ಲಿ ಹರಿಯತೊಡಗಿತು. ಮಾಮಾ ಬಿಳಿಚಿಕೊಂಡರು. ಹಿಡಿದುಕೊಳ್ಳಲು ನಾನು ಹಿಂದೆ ನಿಂತೆ. ಬೀಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಮಾಮಿಯ ಇನ್ನೊಂದು ಕೈ ಹಿಡಿದುಕೊಂಡು, ಸಿನಿಮಾದ ಕಥೆ ಶುರು ಮಾಡಿದರು. ಬಂಗ್ಲೆ ಬಂತು, ಬಾವಲಿ ಬಂತು. ಬೆಳಗಿನಿಂದ ಹೆದರಿ ತುಟಿ ಪಿಟಕ್ಕೆನ್ನದಿದ್ದ ಮಾಮಿ ನಕ್ಕರು. ನನಗೆ ಅಳು ಬಂತು.

"ಕಡೀಕ ಏನಾಗ್ತದರಿ?" ಎಂದು ಕೇಳಿದರು ಮಾಮಿ.

ಮಾಮಾ ಕಣ್ಣು ತೆರೆಯಲಿಲ್ಲ. ಕೈಯನ್ನೂ ಬಿಡಲಿಲ್ಲ.

"ಏನಾಗ್ತದ, ಎಲ್ಲಾ ಸಿನಿಮಾದಾಗ ಆದ್ಹಂಗ. ಬೆಳಗಾಗ್ತದ. ಅಂವ ಹೋಗ್ತಾನ. ಆಕಿ ಉಳೀತಾಳ. ಪ್ರತಿ ಸಲಾನೂ ಉಳೀತಾಳ."