ಹೊಗೆ ಸಾಲದ ಕಾರು

ಹುಣಸೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಟರಾಜು ತನ್ನ ಡೀಸೆಲ್ ಕಾರಿನ ಗಾಜು ಒರೆಸುತ್ತಿದ್ದಾಗ ತಾಲ್ಲೂಕು ಕಚೇರಿಯ ಜವಾನ ಕುಳ್ಳಯ್ಯ ಬಂದು ಅವನ ಕೈಗೊಂದು ಕಾಗದ ಕೊಟ್ಟು, ಇನ್ನೊಂದರ ಮೇಲೆ ರುಜು ಹಾಕಿಸಿಕೊಂಡ. ಕಾಗದದಲ್ಲಿದ್ದದ್ದು ಎರಡೇ ವಾಕ್ಯ. ಚುನಾವಣಾ ಕರ್ತವ್ಯಕ್ಕಾಗಿ ಸದರಿ ವಾಹನವನ್ನು ಈ ದಿನ ಸಂಜೆ ನಾಲ್ಕು ಗಂಟೆಗೆ ಕಾಲೇಜು ಮೈದಾನದಲ್ಲಿ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.

“ಎಷ್ಟು ದಿನ ಕುಳ್ಳಯ್ಯ?”

“ವೋಟು ಮುಗ್ದು ಮಿಷನ್ನು ವಾಪಸ್ ಬರೋಗಂಟ. ಊಟ ಅವ್ರೇ ಕೊಡ್ತಾರೆ ಬುಡು.”

ನಟರಾಜುವಿಗೆ ಊಟದ ಚಿಂತೆ ಇರಲಿಲ್ಲ. ಮತದಾನದ ದಿನವೇ ಅವನ ನಾದಿನಿ ರಮ್ಯಾಳ ಮದುವೆ. ಮುಹೂರ್ತ ಗೊತ್ತುಮಾಡಿದ್ದು ಯುಗಾದಿಗೂ ಮುಂಚೆ, ಚುನಾವಣೆಯ ದಿನ ಗೊತ್ತಾದದ್ದು ಆಮೇಲೆ. ಹೊಸ ಅಗ್ರಹಾರದ ಮನೆಯಿಂದ ಕೆ.ಆರ್. ನಗರದ ಛತ್ರಕ್ಕೆ ಹೆಣ್ಣು ಹೋಗುವುದು ದೊಡ್ಡಳಿಯನ ಕಾರಿನಲ್ಲೇ ಎಂದು ಮಾವ ಚಲುವಯ್ಯ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕಳೆದ ವರ್ಷದ ಚುನಾವಣೆಯಲ್ಲಿ ಇದೇ ರೀತಿ ಕಾಗದ ಬಂದು, ಅವನ ಮಗಳ ನಾಮಕರಣಕ್ಕೆ ಅಪ್ಪನೇ ಇಲ್ಲದಂತಾಗಿತ್ತು. ಆ ಮಾತು ಮಾವನ ಮನೆಯಲ್ಲಿ ಇನ್ನೂ ತಣ್ಣಗಾಗಿರಲಿಲ್ಲ.

ಅವನು ಹೆಂಡತಿ ಪ್ರಮೀಳಾಗೆ ಫೋನು ಮಾಡಿದ.

“ನೋಡಿ, ಈ ಸಲ ನೀವು ಬರ್ಲಿಲ್ಲ ಅಂದ್ರೆ ನಮ್ಮಪ್ಪ ನಿಮ್ಮನ್ನ ಅಳಿಯ ಅನ್ನೋದನ್ನೇ ಮರೀತಾರೆ. ನಾನು ಮಾತ್ರ ಅವರ ಕಡೆನೇ ಇರೋದು” ಎಂದು ಹೇಳಿ ಅವಳು ಫೋನಿಟ್ಟಳು.

ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಷಣ್ಮುಖಪ್ಪನವರು ಅಷ್ಟು ಹೊತ್ತಿಗೆ ಸ್ಟ್ಯಾಂಡಿಗೆ ಬಂದಿದ್ದರು. ಯಾರಿಗೆ ಕಷ್ಟ ಬಂದರೂ ಕಾಫಿಗೆ ನೊಣ ಬರುವ ಹಾಗೆ ಬರುವವರು ಅವರು.

“ಒಂದು ಅರ್ಜಿ ಬರ್ಕೊಡಿ ಷಣ್ಮುಖಪ್ಪೋರೆ.”

“ಬರೀತೀನಿ. ಅದರ ಮೇಲೆ ಆರ್ಡರ್ ಆಗೋ ಹೊತ್ಗೆ ನಿಮ್ಮ ನಾದಿನಿಗೆ ಎರಡು ಮಕ್ಕಳಾಗಿರ್ತವೆ. ಅದು ಬ್ಯಾಡ. ಈ ಸಲ ಮೈದಾನದಲ್ಲಿ ಮೋಟಾರು ಇನ್‌ಸ್ಪೆಕ್ಟರು ನಿಂತು ಒಂದೊಂದೇ ಗಾಡಿ ನೋಡ್ತಾರಂತೆ. ಹೊಗೆ ಬಿಡೋ ಗಾಡಿ ವಾಪಸ್ಸು.”

“ನಂದು ಬಿಡುತ್ತಲ್ಲ!”

“ಅದ್ಯಾವ ಮಹಾ ಹೊಗೆ ಕಣ್ರೀ? ಹೋದ ವರ್ಷ ಅಷ್ಟೇ ಹೊಗೇಲಿ ತಗೊಂಡ್ರಲ್ಲ? ಸಾಲಲ್ಲ. ನೋಡ್ದೋರು ಮೂಗು ಮುಚ್ಕಂಡು ಓಡ್ಬೇಕು, ಅಂಗಿರಬೇಕು.”

ಹೀಗೆ, ಮೂರು ವರ್ಷದಿಂದ ಹೊಗೆ ಕಡಿಮೆ ಮಾಡು ಎಂದು ಮೆಕ್ಯಾನಿಕ್ ಮಾದೇಶನ ಪ್ರಾಣ ತಿನ್ನುತ್ತಿದ್ದ ನಟರಾಜು, ಅದನ್ನು ಜಾಸ್ತಿ ಮಾಡಿಕೊಡು ಎಂದು ಹತ್ತು ಗಂಟೆಗೆ ಅವನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ. ಮಾದೇಶ ಎರಡು ಸಲ ಕೇಳಿದ. ಮೂರನೆಯ ಸಲ ಷಣ್ಮುಖಪ್ಪನವರ ಮುಖ ನೋಡಿ, “ಅಣ್ಣ ಉಷಾರಾಗವ್ರೆ ತಾನೆ?” ಎಂದು ಅವರನ್ನೇ ಕೇಳಿದ.

ವಿಷಯ ತಿಳಿದ ಮೇಲೆ ಅವನ ಕಣ್ಣು ಅರಳಿತು. ಹೋದ ತಿಂಗಳಷ್ಟೇ ಮೈಸೂರಿನಲ್ಲಿ ಎರಡು ದಿನ ತರಬೇತಿ ಮುಗಿಸಿ ಬಂದಿದ್ದ ಅವನಿಗೆ, ಕಲಿತದ್ದನ್ನು ಯಾರ ಮೇಲೆ ಪ್ರಯೋಗಿಸುವುದೆಂದು ತಿಳಿಯದೆ ಕೈ ಕಡಿಯುತ್ತಿತ್ತು. ಬಾನೆಟ್ ಎತ್ತಿ ಎಂಜಿನ್ನಿನ ಪಕ್ಕದ ಒಂದು ಕೊಳವೆ ತೋರಿಸಿದ.

“ಇದ್ನ ಈಜಿಆರ್ ಅಂತಾರೆ. ಎಂಜಿನ್ನು ಆಚೆಗೆ ಬಿಟ್ಟ ಹೊಗೇಲಿ ಒಂದ್ ಪಾಲು ಈ ಪೈಪಲ್ಲಿ ತಿರುಗ ಒಳಕ್ಕೋಯ್ತದೆ.”

“ಬಿಟ್ಟಿದ್ದನ್ನೇ ಮತ್ತೆ ಕುಡೀತದಾ?” ಎಂದರು ಷಣ್ಮುಖಪ್ಪ. “ಥೂ! ಎಂಜಲು!”

“ಅಂಗೇ ಅಂದ್ಕಳಿ. ಪೊಲ್ಯೂಷನ್ ಕಮ್ಮಿ ಆಗ್ಲಿ ಅಂತ ಇಟ್ಟಿರೋ ಸಾಮಾನು. ಇದರ ಬಾಯಿ ಮುಚ್ಚುಬುಟ್ರೆ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಪೊಲ್ಯೂಷನ್ ಕಮ್ಮಿ ಮಾಡುವ ಸಾಮಾನನ್ನು ಮುಚ್ಚಿದರೆ ಪೊಲ್ಯೂಷನ್ ಜಾಸ್ತಿ. ಪೊಲ್ಯೂಷನ್ ಅಂದರೆ ಹೊಗೆ. ಇದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ.

ಮುಚ್ಚಲು ಒಂದು ಉಕ್ಕಿನ ತಗಡು ಬೇಕಿತ್ತು. ಮಾದೇಶ ಪಕ್ಕದ ಹೋಟೆಲಿನ ಮಾಯಮ್ಮನ ತೊಳೆದಿಟ್ಟ ತಟ್ಟೆಗಳಲ್ಲಿ ಒಂದನ್ನು ಎತ್ತಿಕೊಂಡು ಬಂದು, ಅದರ ನಡುವಿನಿಂದ ಬೀಡಿ ಕಟ್ಟಿನಷ್ಟಗಲದ ತುಂಡು ಕತ್ತರಿಸಿ, ಎರಡು ತೂತು ಕೊರೆದು, ಕೊಳವೆಯ ಸಂದಿಗೆ ಸೇರಿಸಿ ಬೋಲ್ಟು ಬಿಗಿದ. ಬಿಚ್ಚಿದಾಗ ಒಳಗೆ ನೋಡಿದರೆ ಮಸಿ ಒಲೆಯ ಕೊಳವೆಯಂತೆ ಕಟ್ಟಿತ್ತು. ಅಷ್ಟರಲ್ಲಿ ಮಾಯಮ್ಮ ಬಂದಳು.

“ನನ್ ತಟ್ಟೆ ಎಲ್ಲೋ ಮಾದೇಶ?”

“ಸ್ವಲ್ಪ ಇಲ್ಲೇ ಅದೆ ಮಾಯಕ್ಕ” ಎಂದು ಅವನು ನಡುವೆ ತೂತಾದ ತಟ್ಟೆಯನ್ನು ಎತ್ತಿ ತೋರಿಸಿದ. ಅದರ ಮೂಲಕ ಮಾಯಮ್ಮನಿಗೆ ಅವನ ಮುಖ ಪೂರ್ತಿ ಕಾಣಿಸಿತು. ಮುಂದಿನ ಕಾಲು ಗಂಟೆ ಅವಳು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಹನ್ನೆರಡೂವರೆಗೆ ಕಾರು ಚಾಲೂ ಆಯಿತು. ಮೂವರೂ ಹಿಂದಕ್ಕೆ ಓಡಿ ಸೈಲೆನ್ಸರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾದರು. ಹೊಗೆ ಬರಲಿಲ್ಲ.

“ಬಿಸಿಯಾಗ್ಲಿ” ಎಂದ ಮಾದೇಶ.

ಬಿಸಿಮಾಡಲು ಗುರುಪುರದ ರಸ್ತೆಗೆ ಹೋದರು. ಎರಡನೇ ಗೇರಿನಲ್ಲಿ ನರಳಿಕೊಂಡು ಹತ್ತುತ್ತಿದ್ದ ದಿಣ್ಣೆಯನ್ನು ಕಾರು ನಾಲ್ಕನೇ ಗೇರಿನಲ್ಲಿ ಹತ್ತಿತು. ಮುಂದಿದ್ದ ಬಸ್ಸನ್ನು ಹಿಂದೆ ಹಾಕಿತು. ಕೊಂಡಂದಿನಿಂದ ಈ ಕಾರಿನ ಮೇಲೆ ನಟರಾಜು ಇಟ್ಟಿದ್ದ ಆಸೆಯೆಲ್ಲ ಒಂದೇ ಮಧ್ಯಾಹ್ನ ಕೈಗೂಡುತ್ತಿತ್ತು. ಅವನಿಗೆ ಅಳು ಬರುವಂತಾಯಿತು.

“ಮಾದೇಶ, ಹೊಗೆ ಎಲ್ಲೋ?”

ಮಾದೇಶ ಸೊಂಟದವರೆಗೆ ಕಿಟಕಿಯಿಂದ ಆಚೆಗೆ ಬಾಗಿ ಹಿಂದೆ ನೋಡುತ್ತಿದ್ದ. “ರಸ್ತೆ ಮಾತ್ರ ಕಾಣ್ತದೆ ಕಣಣ್ಣ. ತುಂಬ ಚೆನ್ನಾಗಿ ಕಾಣ್ತದೆ.”

“ಮುಚ್ಚಿದ್ರೆ ಜಾಸ್ತಿ ಆಯ್ತದೆ ಅಂದ್ಯಲ್ಲೋ!”

“ಆಗ್ಬೇಕಾಗಿತ್ತು. ನಂಗೂ ಅರ್ಥ ಆಯ್ತಿಲ್ಲ.”

ವಾಪಸು ಬಂದು ತಗಡು ತೆಗೆಯಲು ಹೋದರೆ ಕೊಳವೆ ಕೆಂಡದಂತೆ ಕಾದಿತ್ತು. ಆರುವವರೆಗೆ ಕಾದು ಸ್ಪ್ಯಾನರ್ ಹಾಕಿದರೆ ಬೋಲ್ಟಿನ ತಲೆಯೇ ಸವೆದು ಗುಂಡಗಾಯಿತು. ಆಗಲೇ ಮೂರೂ ಕಾಲು ಗಂಟೆ.

“ಎಂಜಿನ್ನಿಗೆ ಉಸಿರು ಕಟ್ಟಿದ್ರೆ ಹೊಗೆ ಬರುತ್ತೋ ಇಲ್ವೋ?” ಎಂದು ಷಣ್ಮುಖಪ್ಪ ಕೇಳಿದರು.

“ಬತ್ತದೆ. ಗಾಳಿ ಸಾಲ್ದಿದ್ರೆ ಡೀಸಲ್ಲು ಪೂರ್ತಿ ಉರಿಯಲ್ಲ, ಕರೀ ಹೊಗೆ ಬತ್ತದೆ.”

ಷಣ್ಮುಖಪ್ಪನವರು ಹೆಗಲ ಮೇಲಿದ್ದ ಕೆಂಪಂಚಿನ ಟವೆಲನ್ನು ತೆಗೆದು, ದಾನಶೂರನ ಗತ್ತಿನಲ್ಲಿ, ಗಾಳಿ ಹೋಗುವ ಬಾಯಿಗೆ ತಾವೇ ತುರುಕಿದರು. ಎಂಜಿನ್ನು ಕೆಮ್ಮಿತು. ಆಮೇಲೆ ಹಿಂದಿನಿಂದ ಎಮ್ಮೆಯ ಬಣ್ಣದ ಹೊಗೆ ಬಂತು. ಮಾಯಮ್ಮನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಇಡ್ಲಿ ಬಿಟ್ಟು ಎದ್ದರು. ನಟರಾಜು ಆ ದಿನ ನಕ್ಕದ್ದು ಅದೊಂದೇ ಸಲ.

ಕಾಲೇಜು ಮೈದಾನದಲ್ಲಿ ಮೂವತ್ತಕ್ಕೂ ಹೆಚ್ಚು ಗಾಡಿಗಳು ಸಾಲಾಗಿ ನಿಂತಿದ್ದವು. ಹೊಗೆಯ ಮೋಡವನ್ನು ಎಳೆದುಕೊಂಡು, ಮೂವರನ್ನೂ ಹೊತ್ತ ನಟರಾಜುವಿನ ಕಾರು ಒಳಗೆ ಬರುತ್ತಲೇ ಜನ ದಾರಿ ಬಿಟ್ಟರು. ಇನ್‌ಸ್ಪೆಕ್ಟರು ಮಾತ್ರ ಹತ್ತಿರ ಬಂದು, ತಲೆ ಓರೆ ಮಾಡಿ, ವೈದ್ಯರು ಎದೆಬಡಿತ ಕೇಳುವ ಹಾಗೆ ಸದ್ದು ಕೇಳಿಸಿಕೊಂಡರು. ಬಾನೆಟ್ ಎತ್ತಿಸಿದರು. ಕೈ ಹಾಕಿ ಎಳೆದರು. ಟವೆಲು ಹೊರಗೆ ಬಂತು, ಬರುತ್ತಲೇ ಇತ್ತು, ಕೊನೆಗೆ ಕೆಂಪಂಚೂ ಬಂತು.

“ಯಾರದ್ರೀ ಇದು?”

“ನಮ್ದಲ್ಲ” ಎಂದರು ಷಣ್ಮುಖಪ್ಪ, ಯಾರೂ ಅವರನ್ನು ಕೇಳದೆ ಇದ್ದರೂ.

ಟವೆಲು ಹೋದ ಎಂಜಿನ್ನು ವೀಣೆಯಂತೆ ಹಾಡತೊಡಗಿತು. ಇನ್‌ಸ್ಪೆಕ್ಟರು ಸೈಲೆನ್ಸರಿನ ಬಾಯಿಗೆ ತಮ್ಮ ಬಿಳಿ ಕರವಸ್ತ್ರ ಹಿಡಿದು ನೋಡಿದರು. ಅದು ಬಿಳಿಯಾಗಿಯೇ ಉಳಿಯಿತು.

“ಈ ಮಾಡಲ್ ಗಾಡಿಗಳಲ್ಲಿ ಈಜಿಆರ್ ವಾಲ್ವು ಮಸಿ ಕಟ್ಟಿ ತೆರ್ಕೊಂಡೇ ನಿಂತುಬಿಡುತ್ತೆ. ಒಳಗೆ ಹೊಗೆಯೇ ತುಂಬಿ, ಗಾಳಿ ಸಾಲದೆ ಕಪ್ಪಗೆ ಕಾರುತ್ತೆ. ನೀವು ಚೆನ್ನಾಗಿ ರಿಪೇರಿ ಮಾಡ್ಸಿದ್ದೀರಿ.”

“ಅದು ಹೊಗೆ ಕಮ್ಮಿ ಮಾಡೋ ಸಾಮಾನಲ್ವಾ ಸಾರ್?” ಎಂದ ಮಾದೇಶ, ತಡೆಯಲಾರದೆ.

“ಅದು ಕಮ್ಮಿ ಮಾಡೋದು ಕಣ್ಣಿಗೆ ಕಾಣದ ವಿಷಾನಿಲ ಕಣಯ್ಯ. ಕಪ್ಪು ಹೊಗೆ ಅಲ್ಲ.”

ಮಾದೇಶ ತರಬೇತಿಯ ಎರಡನೇ ದಿನ ಊಟವಾದ ಮೇಲೆ ನಿದ್ದೆ ಮಾಡಿದ್ದನ್ನು ನೆನೆದುಕೊಂಡ. ನಟರಾಜು ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣವೆಂದು ಬಾಯಿ ತೆರೆದ. ಷಣ್ಮುಖಪ್ಪ ಅವನ ಬೆನ್ನು ಚಿವುಟಿ ಪಿಸುಗುಟ್ಟಿದರು. “ಮುಚ್ಚಿದ್ದೀವಿ ಅಂದ್ರೆ ಕೇಸು ಕಣ್ರೀ. ಗಾಡೀನೂ ಹೋಗುತ್ತೆ, ನೀವೂ ಹೋಗ್ತೀರಿ.”

ಇನ್‌ಸ್ಪೆಕ್ಟರು ಪಟ್ಟಿ ತೆರೆದು ನಂಬರು ನೋಡಿ ನಕ್ಕರು. “ತಮಾಷೆ ನೋಡಿ. ಹೋದ ವರ್ಷ ನಿಮ್ಮ ಗಾಡಿಯಲ್ಲಿ ಹೋದ ಅಧಿಕಾರಿ ಹೊಗೆ ಅಂತ ದೂರು ಕೊಟ್ಟಿದ್ರು. ನಿಮ್ಮ ನಂಬರು ಬೆಳಿಗ್ಗೆನೇ ಹೊಡೆದುಹಾಕಿದ್ವಿ. ಬಂದ್ರೆ ಹಾಜರಿ ಹಾಕಿ ವಾಪಸ್ ಕಳಿಸೋದು ಅಂತಿತ್ತು. ಈಗ ಇಷ್ಟು ಒಳ್ಳೆ ಗಾಡಿ ಬಿಡೋಕಾಗುತ್ತಾ?” ಕೆಂಪು ಗೀಟಿನ ಮೇಲೆ ಹಸಿರು ಶಾಯಿಯಲ್ಲಿ ಅವನ ನಂಬರನ್ನು ಮತ್ತೆ ಬರೆದರು. “ಕೆ.ಆರ್. ನಗರದವರು, ಬೂತುಗಳನ್ನ ಸುತ್ತಿ ನೋಡೋ ಸೆಕ್ಟರ್ ಆಫೀಸರಿಗೆ ಒಂದು ಗಾಡಿ ಕೇಳಿದಾರೆ. ಹೊಸ ಅಗ್ರಹಾರದ ಕಡೆ. ಊರು ಗೊತ್ತಾ?”

ನಟರಾಜುವಿಗೆ ಹೋದ ಜೀವ ಬಂತು. “ನಮ್ಮ ಮಾವನ ಊರೇ ಸಾರ್!”

“ಹಾಗಾದ್ರೆ ಇನ್ನೂ ಒಳ್ಳೇದು. ಸಂಬಂಧಿಕರು ಯಾರೂ ಹತ್ತೋ ಹಾಗಿಲ್ಲ. ಹತ್ತಿದ್ರೆ ಅದೂ ಕೇಸು” ಎಂದು ಮುಂದಿನ ಗಾಜಿಗೆ ಚೀಟಿ ಅಂಟಿಸಿದರು.

ಮದುವೆಯ ದಿನ ಬೆಳಿಗ್ಗೆ ಏಳೂವರೆಗೆ ಕಾರು ಹೊಸ ಅಗ್ರಹಾರದಲ್ಲೇ ಇತ್ತು, ಚಲುವಯ್ಯನವರ ಮನೆಯ ಎದುರಿನ ಶಾಲೆಯ ಮತಗಟ್ಟೆಯ ಮುಂದೆ. ಚಪ್ಪರದ ಜನರೆಲ್ಲ ದೊಡ್ಡಳಿಯ ಬಂದ ಎಂದು ಹಿಗ್ಗಿದರು. ನಟರಾಜು ಸ್ಟೀರಿಂಗಿನ ಹಿಂದಿನಿಂದಲೇ ಬೇಡ ಬೇಡವೆಂದು ಕೈಯಾಡಿಸಿದ್ದನ್ನು ಅವರು ಬನ್ನಿ ಬನ್ನಿ ಎಂದು ತಿಳಿದರು. ಚಲುವಯ್ಯ ಮದುಮಗಳ ಕೈ ಹಿಡಿದು, ವಾಲಗದವರನ್ನು ಮುಂದಿಟ್ಟುಕೊಂಡು ಬಂದು, ಹಿಂದಿನ ಬಾಗಿಲು ತೆರೆದರು. ಒಳಗೆ ಸೆಕ್ಟರ್ ಆಫೀಸರು ತೊಡೆಯ ಮೇಲೆ ಕಡತಗಳನ್ನಿಟ್ಟುಕೊಂಡು ಬಾಳೆಹಣ್ಣು ತಿನ್ನುತ್ತಿದ್ದರು.

“ಕರೆದದ್ದೇ ಸಂತೋಷ ಯಜಮಾನ್ರೆ” ಎಂದು ಅವರು ಕೈಮುಗಿದರು. “ಇವತ್ತು ಡ್ಯೂಟಿ. ಬರೋಕಾಗಲ್ಲ.”

ಕೊನೆಗೆ ರಮ್ಯಾ ಛತ್ರಕ್ಕೆ ಹೋದದ್ದು ಹುಣಸೂರು ಸ್ಟ್ಯಾಂಡಿನ ಇನ್ನೊಂದು ಕಾರಿನಲ್ಲಿ. ಮೈದಾನದಲ್ಲಿ ಹೊಗೆಯ ಕಾರಣಕ್ಕೆ ವಾಪಸು ಕಳಿಸಿದ್ದ ಗಾಡಿ ಅದು. ಅದರ ಹಿಂದೆ ನಿಂತಿದ್ದ ಚಲುವಯ್ಯ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಅಳಿಯನ ಕಿಟಕಿಯ ಬಳಿ ಬಂದರು.

“ಹೋದ ಸಲ ನಾಮಕರಣದಲ್ಲಿ ಕಣ್ಣಿಗೇ ಬೀಳ್ದಂಗಿದ್ರಲ್ಲ ಅಳಿಯಂದ್ರೇ” ಎಂದರು, “ಅದೇ ಎಷ್ಟೋ ವಾಸಿಯಾಗಿತ್ತು.”