ಬೀಗರೂಟದ ವೈನೂ ಬಸವನಹುಳದ ತೀರ್ಪೂ

ಈ ಸಲ ಬೀಗರೂಟದಲ್ಲಿ ಆ ಬಿಯರಿನ ಸೊಕ್ಕು ಮುರಿದೇ ತೀರುತ್ತೀನಿ ಅಂತ ಒಲೆ ಮುಂದೆ ಕೂತು ಶಪಥ ಮಾಡಿದೆ. ಕತೆಗಳಲ್ಲಿ ರಾಣಿಯರು ಮುಡಿ ಬಿಚ್ಚಿ ಶಪಥ ಮಾಡುತ್ತಾರೆ. ನನ್ನ ತಲೆಯಲ್ಲಿ ಬಿಚ್ಚುವಷ್ಟು ಕೂದಲು ಉಳಿದಿಲ್ಲ. ಅದಕ್ಕೇ ಸೆರಗು ಸೊಂಟಕ್ಕೆ ಬಿಗಿದು, ಊದುಗೊಳವೆ ಕೈಯಲ್ಲಿ ಹಿಡಿದು ಮಾಡಿದೆ. ಕೇಳಿಸಿಕೊಂಡಿದ್ದು ಬೆಕ್ಕು ಒಂದೇ. ಅದೂ ಆಕಳಿಸಿತು.

ಈ ವಯಸ್ಸಿನಲ್ಲಿ ನಿನಗೂ ಬಿಯರಿಗೂ ಎಂಥ ಜಗಳ ಅಂತ ಕೇಳುತ್ತೀರಿ. ಹೇಳುತ್ತೀನಿ. ನಮ್ಮ ಬೆಳಗೋಡಿನ ಸುತ್ತಮುತ್ತ ಯಾರ ಮನೆ ಮದುವೆಯಾಗಲಿ, ಆದ ಮೇಲೆ ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುವ ಬೀಗರೂಟ ಇದ್ದೇ ಇರುತ್ತೆ. ಬೀಗರೂಟ ಅಂದ ಮೇಲೆ ಮನೆ ಹಿಂದಿನ ಕಾಫಿ ಕಣದಲ್ಲಿ ಗಂಡಸರ ಗಂಟಲು ಒದ್ದೆಯಾಗುವ ಏರ್ಪಾಡೂ ಇರುತ್ತೆ. ಆ ಕಣಕ್ಕೆ ನನ್ನ ಪನ್ನೇರಳೆ ಹಣ್ಣಿನ ವೈನು ಹೋಗದೆ ಯಾವ ಎಲೆಗೂ ಅನ್ನ ಬಿದ್ದಿದ್ದಿಲ್ಲ. ನಮ್ಮ ಕಡೆ ಹೆಂಗಸರು ಕುಡಿಯಲ್ಲ, ಶೀತಕ್ಕೆ ತಗೊಳ್ಳುತ್ತಾರೆ, ಅಷ್ಟೆ. ಬೀಗರೂಟದ ದಿನ ಯಾಕೋ ಎಲ್ಲರಿಗೂ ಒಟ್ಟಿಗೇ ಶೀತ ಆಗಿರುತ್ತೆ.

ನಾನು ಓದಿದ್ದು ಅಷ್ಟಕ್ಕಷ್ಟೆ. ಹಾಡು ಬರಲ್ಲ, ರಂಗೋಲಿ ಸೊಟ್ಟ. ನಾಲ್ಕು ಜನ ನನ್ನ ಹೆಸರು ಹೇಳಿದ್ದರೆ ಅದು ಆ ಜಾಡಿಯಿಂದ. ಅದಕ್ಕೇ ಸಂಚಕಾರ ಬಂತು.

ತಂದವಳು ನನ್ನ ವಾರಗಿತ್ತಿ ಮೀನಾಕ್ಷಮ್ಮ. ನನ್ನ ಮೈದುನನ ಹೆಂಡತಿ. ತೋಟ ಪಾಲಾದ ಮೇಲೆ ಬೇಲಿಯಾಚೆ ಮನೆ ಕಟ್ಟಿಕೊಂಡಿದ್ದಾಳೆ. ಅವಳ ಅಳಿಯ ಅಭಿಲಾಷ್ ಬಿಯರ್ ಮಾಡುತ್ತಾನೆ. ಮಾರೋದಲ್ಲ, ಮಾಡೋದು! ಅದಕ್ಕೆ ಕ್ರಾಫ್ಟ್ ಬಿಯರ್ ಅಂತ ಹೆಸರು. ಸ್ವಲ್ಪವೇ ಮಾಡುತ್ತಾರಂತೆ, ಮಗು ಸಾಕಿದ ಹಾಗೆ ಸಾಕುತ್ತಾರಂತೆ, ಬೆಂಗಳೂರಿನಲ್ಲಿ ಅದಕ್ಕೆ ಜನ ಕ್ಯೂ ನಿಲ್ಲುತ್ತಾರಂತೆ. ಯಾವುದೋ ಪಂದ್ಯದಲ್ಲಿ ಪದಕ ಬೇರೆ. ಬಾಟಲಿ ಮೇಲೆ ಮಂಗಟ್ಟೆ ಹಕ್ಕಿಯ ಚಿತ್ರ. ಒಳಗೆ ನಮ್ಮ ತೋಟದ್ದೇ ಕಾಫಿ ಬೀಜ ನೆನೆಸಿದ್ದು. ನಾನೂ ಸ್ವಲ್ಪವೇ ಮಾಡುತ್ತೀನಿ, ಮಗು ಹಾಗೇ ಸಾಕುತ್ತೀನಿ. ನನ್ನ ಜಾಡಿ ಮೇಲೆ ಇರೋದು ಹಲ್ಲಿ. ಅದೂ ಚಿತ್ರವಲ್ಲ.

ಹುಡುಗ ಒಳ್ಳೆಯವನು, ಅದೇ ನನಗೆ ಸಂಕಟ. ಕೆಟ್ಟವನಾಗಿದ್ದರೆ ನೆಮ್ಮದಿಯಾಗಿ ಬೈಕೊಂಡಿರಬಹುದಿತ್ತು. ಬಂದಾಗೆಲ್ಲ ಕಾಲಿಗೆ ಬೀಳುತ್ತಾನೆ, ದೊಡ್ಡತ್ತೆ ಹೆಂಗಿದ್ದೀರಿ ಅಂತ ಕೇಳುತ್ತಾನೆ. ಆಮೇಲೆ ಬೇಲಿಯಾಚೆ ಜಗಲಿಯಲ್ಲಿ ಕೂತು ಗ್ಲಾಸಿಗೆ ಬಿಯರ್ ಸುರಿದು, ಇದನ್ನು ಹೇಗೆ ಕುಡಿಯಬೇಕು ಅಂತ ಪಾಠ ಮಾಡುತ್ತಾನೆ. ಮೊದಲು ಮೂಸಬೇಕಂತೆ. ಆಗ ಕಿತ್ತಳೆ ಸಿಪ್ಪೆ ಬರುತ್ತಂತೆ. ಬಾಯಿಗೆ ಹಾಕಿದರೆ ಹುರಿದ ಕಾಫಿ. ನುಂಗಿದ ಮೇಲೆ ಏಲಕ್ಕಿ.

ನಮ್ಮ ಯಜಮಾನರು ಜವರಯ್ಯನವರು ಆ ಪಾಠಕ್ಕೆ ಒಂದು ದಿನವೂ ತಪ್ಪಿಸಿಕೊಂಡವರಲ್ಲ. ಮದುವೆಯಾದಾಗಿನಿಂದ ನನ್ನ ವೈನು ಕುಡಿದ ಮನುಷ್ಯ. ಇಷ್ಟು ವರ್ಷದಲ್ಲಿ ಅದರ ಬಗ್ಗೆ ಆಡಿದ ಮಾತು ಒಂದೇ: "ಹೂಂ, ಇನ್ನೊಂಚೂರು ಬುಡು." ಅದೇ ಬಾಯಿ ಈಗ ಕವಿಯ ಬಾಯಿ ಆಗಿಬಿಟ್ಟಿತ್ತು! ಮನೆಗೆ ಬಂದು ಕಣ್ಣು ಮುಚ್ಚಿ, ಕೊನೆಗೆ ಏಲಕ್ಕಿ ಹೆಂಗೆ ಬಂತು ಅಂತೀಯ, ಮೆತ್ತಗೆ ಕಾಲು ಒರೆಸಿಕೊಂಡು ಬಂದಂಗೆ ಬಂತು ಕಣೇ, ಅನ್ನುತ್ತಿದ್ದರು. ಆ ಗಂಡಸು ಈ ಮನೆ ಹೊಸ್ತಿಲಲ್ಲಿ ಒಂದು ದಿನ ಕಾಲು ಒರೆಸಿದ್ದು ನಾನು ಕಾಣೆ.

ನನಗೆ ಹೊಟ್ಟೆಕಿಚ್ಚು ಅಂತ ನೀವು ಅಂದುಕೊಂಡರೆ, ಸರಿಯಾಗೇ ಅಂದುಕೊಂಡಿದ್ದೀರಿ. ಆದರೆ ನಾನು ತಾಳ್ಮೆಯವಳು. ನನ್ನ ಹೊಟ್ಟೆಕಿಚ್ಚು ಹೊಟ್ಟಿನ ಬೆಂಕಿ ಇದ್ದ ಹಾಗೆ. ಹೊಗೆ ಕಾಣಲ್ಲ, ಆರೋದೂ ಇಲ್ಲ. ನಾನು ಸುಮ್ಮನೆ ಬೇಲಿ ಈಚೆ ಕೂತು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡೆ. ಕೇಳಿಸಿಕೊಂಡಷ್ಟೂ ಒಂದು ವಿಷಯ ಗೊತ್ತಾಯಿತು. ಅಭಿಲಾಷ್ ಏಲಕ್ಕಿ ಅನ್ನುವ ತನಕ ಯಾರಿಗೂ ಏಲಕ್ಕಿ ಬರುತ್ತಿರಲಿಲ್ಲ. ಅವನು ಅಂದ ಕೂಡಲೇ ಜಗಲಿಯ ತುಂಬ ಏಲಕ್ಕಿ. ಒಂದು ಸಂಜೆಯಂತೂ ನಮ್ಮವರು ಗ್ಲಾಸು ಖಾಲಿ ಮಾಡಿ, "ಏಲಕ್ಕಿ ಇವತ್ತು ಭಾಳ ಚೆನ್ನಾಗೈತೆ" ಅಂದರು. ಅಭಿಲಾಷ್ ಮೆತ್ತಗೆ, "ದೊಡ್ಡ ಮಾವ, ಏಲಕ್ಕಿದು ನಿನ್ನೆ ಖಾಲಿಯಾಯ್ತು. ಇದು ಬೇರೆ ಬಿಯರು" ಅಂದ. ನಮ್ಮವರು ಖಾಲಿ ಗ್ಲಾಸು ಕೆಳಗಿಟ್ಟು, ಹಂಗಾದ್ರೆ ನಿನ್ನೆದು ಗಂಟಲಲ್ಲೇ ಉಳಕೊಂಡೈತೆ ಅಂದುಬಿಟ್ಟರು!

ಆವತ್ತು ನನಗೆ ತಿಳಿಯಿತು. ಈ ಬಿಯರಿನ ರುಚಿ ಇರೋದು ನಾಲಿಗೆಯಲ್ಲಲ್ಲ, ಕಿವಿಯಲ್ಲಿ.

ಆದರೂ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮೇ ತಿಂಗಳ ಕೊನೆಗೆ ನನ್ನ ಮೊಮ್ಮಗಳು ಧನುಶ್ರೀ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಕೆ. ಹೊಸಕೋಟೆಯ ಕಾಫಿ ಬೆಳೆಗಾರರು. ಬೀಗರೂಟ ನಮ್ಮ ಮನೆಯಲ್ಲಿ. ನಾನು ಹಳೆಯ ಜಾಡಿಯ ಬಾಯಿ ಬಟ್ಟೆ ಬಿಚ್ಚುತ್ತಾ ಇದ್ದೆ. ಮೀನಾಕ್ಷಮ್ಮ ಬಂದು ಪಕ್ಕದಲ್ಲಿ ಕೂತಳು. ಅವಳ ದನಿಯಲ್ಲಿ ಜೇನು ಇತ್ತು. ಜೇನು ಇದ್ದ ಕಡೆ ಕೊಂಡಿಯೂ ಇರುತ್ತೆ.

"ಅಕ್ಕ, ಈ ಸಲ ನೀನು ಜಾಡಿ ಎತ್ತೋದು ಇಳಿಸೋದು ಎಲ್ಲ ಬ್ಯಾಡ. ವಯಸ್ಸಾಯ್ತು. ಅಭಿಲಾಷ್ ಬಿಯರ್ ತರ್ತಾನೆ."

ನಮ್ಮವರು ಕೂಡಲೇ ತಲೆಯಾಡಿಸಿದರು. ಅಷ್ಟು ಬೇಗ ತಲೆಯಾಡಿಸಿದ್ದು ನಾನು ನೋಡಿದ್ದು, ನನ್ನನ್ನು ನೋಡಲು ಬಂದ ದಿನ. ನನಗೆ ಜಾಡಿ ಒಳಗೇ ಮುಳುಗಿಬಿಡೋಣ ಅನ್ನಿಸಿತು. ಆದರೂ ನಗುತ್ತಲೇ, ಬೀಗರಿಗೆ ಅದು ಹಿಡಿಸಬೇಕಲ್ಲ ಮೀನಾಕ್ಷಿ ಅಂದೆ.

ಅದಕ್ಕೆ ಅವಳು ಕೊಟ್ಟ ಉತ್ತರವೇ ಎಲ್ಲಕ್ಕೂ ಮೂಲ.

"ಬೀಗರೇನಕ್ಕ, ನಿನ್ನೆ ರಾತ್ರಿ ಜಗಲಿ ಮೇಲೆ ಒಂದು ಗ್ಲಾಸು ಮರೆತುಬುಟ್ಟಿದ್ವಿ. ಬೆಳಿಗ್ಗೆ ನೋಡಿದ್ರೆ ಒಳಗೆ ಬಸವನಹುಳ ಬಿದ್ಕಂಡಿದ್ವು. ಮೂಕ ಪ್ರಾಣಿಗೂ ನಮ್ಮ ಅಳಿಯನ ಬಿಯರ್ ರುಚಿ ಗೊತ್ತು."

ಬಸವನಹುಳ ಅಂದರೆ ನಮ್ಮ ತೋಟಗಳಿಗೆ ಬಂದಿರುವ ಈಗಿನ ದೊಡ್ಡ ಪೀಡೆ. ಬೆಳೆದರೆ ಮುಷ್ಟಿ ಗಾತ್ರವಾಗುವ ಶಂಖ ಹೊತ್ತುಕೊಂಡು, ಮೊದಲ ಮಳೆಗೆ ಮಣ್ಣಿನಿಂದ ಎದ್ದು ಬರುತ್ತವೆ. ಕಾಫಿ ಸಸಿ, ಬಾಳೆ, ಸೊಪ್ಪು, ಕಂಡಿದ್ದೆಲ್ಲ ತಿನ್ನುತ್ತವೆ. ಬೇರೆ ದಿನವಾಗಿದ್ದರೆ ಅದರ ಹೆಸರು ಕೇಳಿದರೇ ಶಾಪ ಹಾಕುತ್ತಿದ್ದೆ. ಆವತ್ತು ನನ್ನ ತಲೆಯಲ್ಲಿ ದೀಪ ಹತ್ತಿತು. ಬಸವನಹುಳಕ್ಕೆ ಕಿವಿ ಇಲ್ಲ! ಅದು ಬಾಟಲಿ ಮೇಲಿನ ಹಕ್ಕಿ ನೋಡಲ್ಲ, ಪದಕ ಕೇಳಲ್ಲ, ಅಳಿಯ ಅಂತ ದಾಕ್ಷಿಣ್ಯ ಮಾಡಲ್ಲ. ಇಡೀ ಹೋಬಳಿಯಲ್ಲಿ ಇದಕ್ಕಿಂತ ನಿಯತ್ತಿನ ನ್ಯಾಯಾಧೀಶರು ಎಲ್ಲಿ ಸಿಗುತ್ತಾರೆ?

ಹಾಗಾದರೆ ಹುಳವೇ ಹೇಳಲಿ ಅಂದೆ. ಬೀಗರೂಟದ ಹಿಂದಿನ ಸಂಜೆ ಸಸಿ ಮಡಿ ಪಕ್ಕದಲ್ಲಿ ಬಿಯರೂ ಇಡೋಣ, ವೈನೂ ಇಡೋಣ. ಬೆಳಿಗ್ಗೆ ಯಾವುದರಲ್ಲಿ ಹೆಚ್ಚು ಹುಳ ಇರುತ್ತೋ ಅದೇ ಬೀಗರಿಗೆ. ಮೀನಾಕ್ಷಮ್ಮ ಒಪ್ಪಿದಳು. ಅಭಿಲಾಷನಿಗೆ ಹೇಳಿದರೆ ಅವನಿಗೆ ನಗು ತಡೆಯಲಾಗಲಿಲ್ಲ, ಇಂಥ ಪಂದ್ಯ ಬೆಂಗಳೂರಲ್ಲೂ ನಡೆದಿಲ್ಲ ದೊಡ್ಡತ್ತೆ ಅಂದ. ನಮ್ಮವರು ಮಾತ್ರ, ಪಾಪ ಅಂಗಡಿ ಬಿಯರು ಏನು ತಪ್ಪು ಮಾಡೈತೆ, ಅದಕ್ಕೂ ಒಂದು ಜಾಗ ಕೊಡಿ ಅಂದರು. ಹಳೇ ಗೆಳೆಯನನ್ನು ಮರೆಯದ ಮನುಷ್ಯ.

ಮೂರು ಹಳೇ ಬೋಗುಣಿಗಳನ್ನು ಬಾಯಿ ಮಟ್ಟಕ್ಕೆ ಮಣ್ಣಲ್ಲಿ ಹೂತೆವು. ಮಂಗಟ್ಟೆ ಬಿಯರ್ ಒಂದಕ್ಕೆ, ಅಂಗಡಿ ಬಿಯರ್ ಇನ್ನೊಂದಕ್ಕೆ, ನನ್ನ ಪನ್ನೇರಳೆ ಮೂರನೆಯದಕ್ಕೆ. ಎಲ್ಲರೂ ಒಳಗೆ ಹೋದರು. ಮಂಗಟ್ಟೆ ಬಾಟಲಿಯ ತಳದಲ್ಲಿ ಎರಡು ಗುಟುಕು ಉಳಿದಿತ್ತು. ಚೆಲ್ಲುವುದು ಅನ್ಯಾಯ. ಆಗ ನನಗೆ ಸ್ವಲ್ಪ ಶೀತವೂ ಇತ್ತು. ಕುಡಿದೆ.

ಹೇಳಲು ಹೊಟ್ಟೆ ಉರಿಯುತ್ತೆ, ಆದರೆ ಚೆನ್ನಾಗಿತ್ತು. ತಣ್ಣಗೆ, ಕಹಿಯಾಗಿ, ಹದವಾಗಿ ಹುರಿದ ಬೀಜದ ವಾಸನೆ. ಊರು ತುಂಬ ಡಂಗುರ ಹೊಡೆಯುವಷ್ಟಿತ್ತೋ? ಇಲ್ಲ. ನಮ್ಮವರು ಕವಿಯಾಗುವಷ್ಟಿತ್ತೋ? ಖಂಡಿತ ಇಲ್ಲ. ಏಲಕ್ಕಿಯಂತೂ ಎಷ್ಟು ಹೊತ್ತು ಕಾದರೂ ಬರಲಿಲ್ಲ. ಆದರೆ ಇನ್ನೆರಡು ಗುಟುಕು ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ. ಆ ಯೋಚನೆ ಬಂದದ್ದೇ ತಡ, ನನ್ನ ಕೈ ಒಂದು ಅಚ್ಚು ಬೆಲ್ಲ ತಂದು ನನ್ನ ಬೋಗುಣಿಗೆ ಹಾಕಿತು. ನಾನು ಹಾಕಲಿಲ್ಲ, ಕೈ ಹಾಕಿತು.

ಬೆಳಗಾಯಿತು. ಎಲ್ಲರನ್ನೂ ನಾನೇ ಕೂಗಿ ಕರೆದೆ. ಮಂಗಟ್ಟೆ ಬಿಯರಿನಲ್ಲಿ ಏಳೆಂಟು ಹುಳ ಇದ್ದವು. ಅಂಗಡಿ ಬಿಯರಿನಲ್ಲೂ ಸರಿಸುಮಾರು ಅಷ್ಟೇ! ಪದಕವೂ ಇಲ್ಲದ, ಕ್ಯೂ ನಿಲ್ಲಿಸದ ಬಡಪಾಯಿ ಬಿಯರಿಗೂ ಅಷ್ಟೇ ಜನ. ಮೀನಾಕ್ಷಮ್ಮನ ಮುಖ ನೋಡಬೇಕಿತ್ತು. ನಾನು ನೋಡಿದೆ, ನಿಧಾನವಾಗಿ ನೋಡಿದೆ. ಎರಡರಲ್ಲೂ ಹುಳಗಳು ಅಮಲೇರಿ ಅಂಚು ಹತ್ತಿ, ತೂರಾಡಿಕೊಂಡು ಮನೆ ಕಡೆ ಹೊರಟಿದ್ದವು.

ಇನ್ನು ನನ್ನ ಬೋಗುಣಿ. ಬೋಗುಣಿ ಕಾಣಿಸುತ್ತಲೇ ಇರಲಿಲ್ಲ! ಹುಳದ ಮೇಲೆ ಹುಳ, ಅದರ ಮೇಲೆ ಹುಳ. ನನ್ನ ವೈನು ಕುಡಿದವು ಯಾವುವೂ ಮನೆ ಕಡೆ ಹೊರಟಿರಲಿಲ್ಲ. ಎಲ್ಲ ಅಲ್ಲೇ ಶಿವನ ಪಾದ ಸೇರಿದ್ದವು. ಜಾಗ ಸಿಗದವು ಪಕ್ಕದಲ್ಲೇ ನೆರಳಿಗೆ ಅಂತ ಇಟ್ಟಿದ್ದ ಊಟದ ಬಾಳೆ ಎಲೆ ಕಟ್ಟಿಗೆ ನುಗ್ಗಿ, ಎಲೆಗಳನ್ನೆಲ್ಲ ಜರಡಿ ಮಾಡಿಟ್ಟಿದ್ದವು. ನಮ್ಮವರು ಒಂದು ಎಲೆ ಎತ್ತಿ ಬಿಸಿಲಿಗೆ ಹಿಡಿದು, ಅದರ ತೂತಿನಲ್ಲಿ ನನ್ನನ್ನು ನೋಡಿ, "ಸಾರು ಎಲ್ಲಿಗೆ ಬಡಿಸ್ಲಿ, ತೊಡೆಗಾ?" ಅಂದರು. ನನಗೆ ಅದೆಲ್ಲ ಕಿವಿಗೆ ಬೀಳಲಿಲ್ಲ. ನಾನು ಗೆದ್ದಿದ್ದೆ.

ಅಭಿಲಾಷ್ ಸೋತ ಮುಖ ಮಾಡಲೇ ಇಲ್ಲ. ಕೈ ಮುಗಿದು, "ದೊಡ್ಡತ್ತೆ, ನಿಮ್ಮದೇ ಫಸ್ಟು" ಅಂದ. ನನ್ನ ಬೋಗುಣಿಯದ್ದು ಒಂದು ಫೋಟೋ ಹೊಡೆದ. ಹೊಗಳೋಣ ಅಂತಲೇ, ಬೀಗರೂ ಇದ್ದ ಮದುವೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಬರೆದಿದ್ದನ್ನು ನನಗೆ ಓದಿಯೂ ಹೇಳಿದ: ದೊಡ್ಡತ್ತೆ ವೈನಿನ ಮುಂದೆ ಯಾರೂ ಉಳಿಯಲ್ಲ. ನಾನು ಖುಷಿಯಿಂದ, ಇನ್ನೊಂದು ಸಲ ಓದಪ್ಪ ಅಂದೆ.

ಪೇಟೆಯಿಂದ ಪೇಪರ್ ಎಲೆ ತರಿಸಿ ಊಟಕ್ಕೆ ದಾರಿ ಮಾಡಿದರು. ಕಣದಲ್ಲಿ ಮೇಜು ಹಾಕಿಸಿ, ಜಾಡಿಗೆ ಅರಿಶಿನ ಕುಂಕುಮ ಹಚ್ಚಿ, ಪಕ್ಕದಲ್ಲಿ ನಾನೇ ಲೋಟ ಹಿಡಿದು ನಿಂತೆ. ಪಂದ್ಯದಲ್ಲಿ ಸೋತ ಮಂಗಟ್ಟೆ ಬಿಯರನ್ನು ಮೂಲೆಯಲ್ಲಿ ಐಸಿನ ಟಬ್ಬಿನಲ್ಲಿ ಇಡಲಿ ಪರವಾಗಿಲ್ಲ ಅಂತ ನಾನೇ ದೊಡ್ಡ ಮನಸ್ಸು ಮಾಡಿದ್ದೆ.

ಬೀಗರು ಬಂದರು. ಒಬ್ಬೊಬ್ಬರೇ ಜಾಡಿ ಹತ್ತಿರ ಬಂದು ಕೈ ಮುಗಿದರು. ದೇವರಿಗೆ ಮುಗಿದ ಹಾಗೆ, ಸ್ವಲ್ಪ ದೂರದಿಂದ. ಮುಗಿದು ಹಾಗೇ ಐಸಿನ ಟಬ್ಬಿನ ಕಡೆ ಸರಿದರು. ಒಬ್ಬರು ತಮಗೆ ಶುಗರ್ ಅಂದರು. ಇನ್ನೊಬ್ಬರು ಇವತ್ತು ವಾರ ಅಂದರು, ಕೈಯಲ್ಲಿ ಹಂದಿ ಮಾಂಸದ ತಟ್ಟೆ ಇತ್ತು. ಶೀತ ಆಗಿದ್ದ ಹೆಂಗಸರಿಗೆಲ್ಲ ನನ್ನ ಲೋಟ ನೋಡಿದ ಕೂಡಲೇ ಶೀತ ವಾಸಿಯಾಯಿತು! ಮದುಮಗನ ತಂದೆ ರಾಜಶೇಖರ್ ದೊಡ್ಡ ಮನುಷ್ಯರು. ಕೊಟ್ಟ ಲೋಟ ಈಸಿಕೊಂಡರು. ಅದರೊಳಗೆ ಸುಮಾರು ಹೊತ್ತು ಬಗ್ಗಿ ನೋಡಿದರು. ಆಮೇಲೆ ತಗೊಳ್ತೀನಿ ಅಮ್ಮ ಅಂತ ಮೇಜಿನ ಮೇಲೆ ಮೆಲ್ಲಗೆ ಇಟ್ಟರು, ಬಾಂಬು ಇಟ್ಟ ಹಾಗೆ.

ತಿರುಗಿ ನೋಡಿದರೆ ನಮ್ಮವರ ಕೈಯಲ್ಲೂ ಮಂಗಟ್ಟೆ. ನಾನು ಹತ್ತಿರ ಹೋಗಿ, ನೀವೂ ಹಿಂಗೆ ಮಾಡಿದ್ರೆ ಹೆಂಗ್ರೀ ಅಂತ ಕೇಳಿದೆ.

"ಏನ್ಮಾಡ್ಲಿ ಕಣೇ. ಆ ಹುಳ ಶಂಖ ಹೊತ್ಕಂಡಿದ್ವು. ಅವೇ ಉಳೀಲಿಲ್ಲ. ನಂದು ಬರೀ ಮೈ."

ಸಂಜೆಯ ಹೊತ್ತಿಗೆ ಟಬ್ಬಿನಲ್ಲಿ ಐಸ್ ನೀರು ಮಾತ್ರ ಉಳಿದಿತ್ತು. ನನ್ನ ಜಾಡಿ ಕಂಠದವರೆಗೆ ಹಾಗೇ ಇತ್ತು. ಮೀನಾಕ್ಷಮ್ಮ ಪಕ್ಕದಲ್ಲಿ ಬಂದು ನಿಂತು ನನ್ನ ಸೆರಗು ಸರಿ ಮಾಡಿದಳು. ಮಾತಿನಲ್ಲಿ ಚುಚ್ಚಿದ್ದಕ್ಕಿಂತ ಅದು ಜೋರಾಗಿ ಕೇಳಿಸಿತು.

ಬೀಗರು ಹೊರಡುವ ಹೊತ್ತು. ರಾಜಶೇಖರ್ ಜೀಪು ಹತ್ತಿದವರು ಮತ್ತೆ ಇಳಿದು, ನೇರ ನನ್ನ ಹತ್ತಿರ ಬಂದರು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, ಆ ವೈನು ಎಷ್ಟು ಉಳಿದಿದೆ ಅಂತ ಕೇಳಿದರು. ಜಾಡಿ ತುಂಬ ಇದೆ ಅಂದೆ. ಪೂರ್ತಿ ಕೊಡ್ತೀರಾ ಅಂದರು. ನನ್ನ ಎದೆ ಹಲಸಿನ ಹಣ್ಣಿನಂತೆ ಉಬ್ಬಿತು! ಎಷ್ಟಾದರೂ ಬೆಳೆಗಾರರ ನಾಲಿಗೆ, ನಾಲ್ಕು ಜನರ ಎದುರು ಸಂಕೋಚ ಅಂತ ಕಾಣುತ್ತೆ, ಈಗ ಕೇಳುತ್ತಿದ್ದಾರೆ. ಬೇಲಿಯಾಚೆ ಹೋಗಿದ್ದ ಮೀನಾಕ್ಷಮ್ಮನಿಗೂ ಕೇಳಲಿ ಅಂತ ನಾನು ಜೋರಾಗಿ, ಧಾರಾಳವಾಗಿ ತಗೊಂಡು ಹೋಗಿ ಬೀಗರೇ ಅಂದೆ.

ಅವರ ಮುಖ ಅರಳಿತು.

"ನಮ್ಮ ತೋಟದಲ್ಲೂ ಹುಳದ ಕಾಟ ವಿಪರೀತ ಆಗ್ಬುಟ್ಟೈತೆ ಅಮ್ಮ. ಎಕರೆಗೆ ಎಷ್ಟು ಲೀಟರ್ ಬೇಕಾಯ್ತದೆ?"

ಬೇಲಿಯಾಚೆಯಿಂದ ಮೀನಾಕ್ಷಮ್ಮ ಕೆಮ್ಮಿದ್ದು ಕೇಳಿಸಿತು. ನಾನು ಸೆರಗು ಹೊದ್ದುಕೊಂಡು, ಜಾಡಿಯ ಬಾಯಿಗೆ ಬಟ್ಟೆ ಭದ್ರವಾಗಿ ಕಟ್ಟಿ, ಅವರ ಜೀಪಿಗೆ ಎತ್ತಿಸಿದೆ.

"ನೀರು ಬೆರೆಸದೆ ಹಾಕಿ" ಅಂದೆ.